ಎರಡು ಪಿಕ್ನಿಕ್ಕುಗಳ ಕಥೆ

ಕಳೆದ ಈಸ್ಟರ್ ರಜೆಗೆ ಸಿಡ್ನಿಯಿಂದ ಮೆಲ್ಬರ್ನಿಗೆ ಹೋಗಿದ್ದೆ. ಅಲ್ಲಿ ನಮ್ಮ ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ ಇದಾಳೆ. ಹದಿನೈದು ವರ್ಷದಿಂದ ಅಲ್ಲೇ ಸಂಸಾರ. ನಾನು ಹೋದ ದಿನ ರಾತ್ರಿ ಊಟ ಆದಮೇಲೆ ಅಕ್ಕ ನನ್ನನ್ನ ಅಡುಗೆ ಮನೆಗೆ ಕರೆದು, ಬಾಗಿಲು ಅರ್ಧ ಮುಂದೆ ಮಾಡಿ, ಒಂದು ಪುಟ್ಟ ಪುಸ್ತಕ ಕೈಗಿಟ್ಟಳು.

"ಇವಳ ದಿಂಬಿನ ಕೆಳಗೆ ಸಿಕ್ತು ಕಣೋ. ದೆವ್ವದ ಕಥೆ ಅಂತೆ. ಅದರಲ್ಲಿ ಇಬ್ಬರು ಹುಡುಗೀರು ಲವ್ ಮಾಡ್ತಾರಂತೆ. ನೀನು ಕಂಪ್ಯೂಟರ್ ಓದಿದೋನು, ಇವೆಲ್ಲ ನಿಂಗೆ ಗೊತ್ತಿರತ್ತೆ. ಓದಿ ಏನು ಅಂತ ಹೇಳು."

ಕಂಪ್ಯೂಟರ್ ಓದಿದೋನಿಗೂ ಜಪಾನಿನ ದೆವ್ವಕ್ಕೂ ಏನು ಸಂಬಂಧ ಅಂತ ನನಗೆ ಇವತ್ತಿಗೂ ತಿಳಿದಿಲ್ಲ. ನಮ್ಮ ಕಡೆ ಇಂಜಿನಿಯರಿಂಗ್ ಮಾಡಿದೋರು ಪ್ರಿಂಟರ್ ರಿಪೇರಿಯಿಂದ ಹಿಡಿದು ಪ್ರಪಂಚದ ಎಲ್ಲಾ ವಿಷಯಕ್ಕೂ ಜವಾಬ್ದಾರರು :) ಇರಲಿ. ಪುಸ್ತಕ ತಗೊಂಡೆ. ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ. ಆಮೇಲೆ ಅದರ ಬಾಲ ಹಿಡಿದು ಹಿಂದೆ ಹಿಂದೆ ಹೋದೆ. ಎಲ್ಲಿಗೆ ಹೋಗಿ ಮುಟ್ಟಿದೆ ಅಂತ ಹೇಳೋಕೇ ಇದನ್ನ ಬರೀತಾ ಇದೀನಿ.

ಮೊದಲು ಪುಸ್ತಕದ ವಿಷಯ. ಜಪಾನಿನಲ್ಲಿ ಲೈಟ್ ನಾವೆಲ್ ಅಂತ ಒಂದು ಜಾತಿಯ ಪುಸ್ತಕಗಳಿವೆ. ಜೇಬಿನಲ್ಲಿ ಹಿಡಿಸುವಷ್ಟು ಚಿಕ್ಕವು. ಸರಾಗ ಭಾಷೆ, ಮಧ್ಯೆ ಮಧ್ಯೆ ಚಿತ್ರಗಳು, ಒಂದಾದ ಮೇಲೊಂದು ಭಾಗ ಬರ್ತಾನೇ ಇರತ್ತೆ. ನಮ್ಮ ಅಪ್ಪನ ಕಾಲದಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ತೂಗು ಹಾಕ್ತಿದ್ದ ಪತ್ತೇದಾರಿ ಕಾದಂಬರಿಗಳನ್ನ ನೆನೆಸಿಕೊಳ್ಳಿ, ಹೆಚ್ಚುಕಮ್ಮಿ ಅದೇ ಬಳಗ. ಅಕ್ಕ ಕೊಟ್ಟ ಪುಸ್ತಕದ ಹೆಸರು 'ಅದರ್‌ಸೈಡ್ ಪಿಕ್ನಿಕ್'. ಬರೆದವರು ಇಯೋರಿ ಮಿಯಾಜಾವಾ. ಮೊದಲ ಭಾಗ ಬಂದಿದ್ದು 2017ರಲ್ಲಿ. 2021ರಲ್ಲಿ ಅದರ ಅನಿಮೆಯೂ ಬಂತು.

ಕಥೆ ಇಷ್ಟು. ಸೊರಾವೊ ಅನ್ನೋ ಒಂಟಿ ಸ್ವಭಾವದ ಕಾಲೇಜು ಹುಡುಗಿಗೆ ಒಂದು ಪಾಳು ಕಟ್ಟಡದಲ್ಲಿ ಬಾಗಿಲು ಸಿಗುತ್ತೆ. ತೆಗೆದರೆ ಇನ್ನೊಂದು ಲೋಕ. ಎತ್ತರದ ಹುಲ್ಲು, ನೀರು, ನಿಶ್ಶಬ್ದ. ಅಲ್ಲಿ ಏನೋ ಒಂದು ಬೆಳ್ಳಗೆ ಕುಣಿಯೋದನ್ನ ಕಂಡು ಮೈ ಸ್ವಾಧೀನ ತಪ್ಪಿ ಇನ್ನೇನು ಮುಳುಗಿ ಸಾಯಬೇಕು, ಅಷ್ಟರಲ್ಲಿ ತೊರಿಕೊ ಅನ್ನೋ ಹುಡುಗಿ ಬಂದು ಎತ್ತುತ್ತಾಳೆ. ಅವಳು ಅಲ್ಲಿಗೆ ಬಂದಿರೋದು ಕಾಣೆಯಾದ ತನ್ನ ಗೆಳತಿಯನ್ನ ಹುಡುಕಿಕೊಂಡು. ಅಲ್ಲಿಂದ ಇಬ್ಬರೂ ಜೊತೆಗೆ ಹೋಗಿಬರೋಕೆ ಶುರು ಮಾಡ್ತಾರೆ. ಪ್ರತಿ ಸಲ ಒಂದು ಭಯಾನಕ ಅನುಭವ, ಪ್ರತಿ ಸಲ ವಾಪಸ್ ಬಂದು ಹೋಟೆಲಿನಲ್ಲಿ ಕೂತು ಹೊಟ್ಟೆತುಂಬ ಊಟ. ನಿಧಾನಕ್ಕೆ ಸ್ನೇಹ ಪ್ರೀತಿಯಾಗತ್ತೆ. ಹೆಸರನ್ನ ರಷ್ಯಾದ ಸ್ಟ್ರುಗಾಟ್ಸ್ಕಿ ಸೋದರರ 'ರೋಡ್‌ಸೈಡ್ ಪಿಕ್ನಿಕ್' (1972) ಕಾದಂಬರಿಯಿಂದ ತಗೊಂಡಿದಾರೆ. ದೆವ್ವಗಳನ್ನ ಮಾತ್ರ ಜಪಾನಿನ ಇಂಟರ್ನೆಟ್ಟಿನಲ್ಲಿ ಬಾಯಿಂದ ಬಾಯಿಗೆ ಹರಡಿದ ಕಥೆಗಳಿಂದ ತಂದಿದಾರೆ. ಎಂಟು ಅಡಿ ಎತ್ತರದ ಹೆಂಗಸು, ಯಾವ ನಕ್ಷೆಯಲ್ಲೂ ಇಲ್ಲದ ರೈಲ್ವೆ ಸ್ಟೇಷನ್ನು, ಇಂಥವು.

ಮರುದಿನ ಸೊಸೆಯನ್ನ ಕೇಳಿದೆ, ಇದರಲ್ಲಿ ಅಂಥದ್ದೇನಿದೆಯಮ್ಮಾ ಅಂತ. ಅವಳಿಗೆ ಹದಿನೇಳು. ಪುಸ್ತಕ ನನ್ನ ಕೈಗೆ ಹೇಗೆ ಬಂತು ಅಂತ ಅರ್ಥ ಆಗಿರಬೇಕು, ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮಾಮ, ಸ್ಕೂಲಲ್ಲಿ ನಮಗೆ ಇನ್ನೊಂದು ಪಿಕ್ನಿಕ್ ಓದಿಸಿದ್ರು. ಅದರಲ್ಲಿ ಹೋದೋರು ವಾಪಸ್ ಬರಲ್ಲ. ಇದರಲ್ಲಿ ಬರ್ತಾರೆ" ಅಂದಳು. ಅಷ್ಟೇ ಹೇಳಿ ಕೋಣೆಗೆ ಹೋದಳು.

ಆ 'ಇನ್ನೊಂದು ಪಿಕ್ನಿಕ್' ಯಾವುದು ಅಂತ ಆಸ್ಟ್ರೇಲಿಯಾದಲ್ಲಿರೋರಿಗೆ ಹೇಳಬೇಕಾಗಿಲ್ಲ. ಜೋನ್ ಲಿಂಡ್ಸೆ ಬರೆದ 'ಪಿಕ್ನಿಕ್ ಅಟ್ ಹ್ಯಾಂಗಿಂಗ್ ರಾಕ್'.

ಆ ಶನಿವಾರ ಭಾವನ ಕಾರು ಕೇಳೋ ಬದಲು ಸದರ್ನ್ ಕ್ರಾಸ್ ಸ್ಟೇಷನ್ನಿನಲ್ಲಿ ಬೆಂಡಿಗೋ ಕಡೆಯ ರೈಲು ಹತ್ತಿದೆ. ಸುಮಾರು ಒಂದು ಗಂಟೆಗೆ ವುಡೆಂಡ್. ಅಲ್ಲಿಂದ ಟ್ಯಾಕ್ಸಿಯಲ್ಲಿ ಹ್ಯಾಂಗಿಂಗ್ ರಾಕ್. ಬಯಲಿನ ಮಧ್ಯೆ ಎದ್ದು ನಿಂತ ಬಂಡೆಗಳ ಗುಡ್ಡ. ಸುತ್ತಲಿನ ನೆಲದಿಂದ 105 ಮೀಟರ್ ಎತ್ತರ. ಅರವತ್ತು ಲಕ್ಷಕ್ಕೂ ಹೆಚ್ಚು ವರ್ಷದ ಹಿಂದೆ ಭೂಮಿಯೊಳಗಿಂದ ಗಂಜಿಯ ಹಾಗೆ ದಪ್ಪಗಿನ ಲಾವಾ ಉಕ್ಕಿ, ಹರಿದುಹೋಗಲಾಗದೆ ಅಲ್ಲೇ ಗಟ್ಟಿಯಾಗಿ, ತಣ್ಣಗಾಗುವಾಗ ಸೀಳಿ, ಮಳೆಗಾಳಿಗೆ ಸವೆದು ಕಂಬ ಕಂಬ ಆಗಿದೆ. ಒಳಗೆ ನಡೆದರೆ ಹತ್ತು ಹೆಜ್ಜೆಗೆ ಜೊತೆಯವರ ದನಿ ಕೇಳೋದು ನಿಂತುಹೋಗತ್ತೆ. ನಮ್ಮ ರಾಮನಗರದ ಬಂಡೆಗಳಲ್ಲಿ ಅಲೆದವರಿಗೆ ಇದೇನು ಮಹಾ ಅನ್ನಿಸಬಹುದು. ಆದರೆ ಅಲ್ಲಿಗೆ ಬರೋ ಜನ ಗಬ್ಬರ್ ಸಿಂಗನ್ನ ನೆನೆಸಿಕೊಳ್ಳೋ ಹಾಗೆ, ಇಲ್ಲಿ ಬರೋರೆಲ್ಲ ಒಂದೇ ಹೆಸರು ಕೂಗ್ತಾರೆ: ಮಿರಾಂಡಾ! ಸಿನಿಮಾದ ಪ್ರಭಾವ.

ಜೋನ್ ಲಿಂಡ್ಸೆ ಹುಟ್ಟಿದ್ದು 1896ರಲ್ಲಿ, ಮೆಲ್ಬರ್ನಿನ ಸೇಂಟ್ ಕಿಲ್ಡಾ ಈಸ್ಟಿನಲ್ಲಿ. ಓದಿದ್ದು ಕ್ಲೈಡ್ ಅನ್ನೋ ಹುಡುಗಿಯರ ಶಾಲೆಯಲ್ಲಿ. ಅವಳು ಬಿಟ್ಟ ಮೇಲೆ, 1919ರಲ್ಲಿ, ಆ ಶಾಲೆ ಇದೇ ವುಡೆಂಡಿಗೆ ಬಂತು. ಆಮೇಲೆ ಚಿತ್ರಕಲೆ ಕಲಿತಳು. 1922ರ ಫೆಬ್ರವರಿ 14ರಂದು ಲಂಡನ್ನಿನಲ್ಲಿ ಕಲಾವಿದ ಡಾರಿಲ್ ಲಿಂಡ್ಸೆಯನ್ನ ಮದುವೆಯಾದಳು. ಅವಳ ಹತ್ತಿರ ಗಡಿಯಾರಗಳು ನಿಂತುಹೋಗ್ತಿದ್ವಂತೆ. 1962ರಲ್ಲಿ ಬರೆದ ಆತ್ಮಕಥೆಗೆ 'ಗಡಿಯಾರವಿಲ್ಲದ ಕಾಲ' ಅನ್ನೋ ಅರ್ಥದ ಹೆಸರೇ ಇಟ್ಟಿದಾಳೆ. 1966ರ ಚಳಿಗಾಲದಲ್ಲಿ, ಎಪ್ಪತ್ತರ ಹತ್ತಿರದ ವಯಸ್ಸಿನಲ್ಲಿ, ಕನಸು ಬಿದ್ದು ಬಿದ್ದು ಕೆಲವೇ ವಾರಗಳಲ್ಲಿ ಈ ಕಾದಂಬರಿ ಬರೆದಳು. 1967ರಲ್ಲಿ ಮೆಲ್ಬರ್ನಿನ ಚೆಶೈರ್ ಪ್ರಕಾಶನ ಅದನ್ನ ಹೊರತಂದಿತು.

ಕಥೆ ನಡೆಯೋದು 1900ರಲ್ಲಿ, ವ್ಯಾಲೆಂಟೈನ್ ದಿನ. ಆಪಲ್‌ಯಾರ್ಡ್ ಕಾಲೇಜು ಅನ್ನೋ ಹುಡುಗಿಯರ ವಸತಿ ಶಾಲೆಯಿಂದ ಬಂಡೆಗೆ ಪಿಕ್ನಿಕ್ ಹೋಗ್ತಾರೆ. ಮಧ್ಯಾಹ್ನ ಹನ್ನೆರಡಕ್ಕೆ ಗಡಿಯಾರಗಳು ನಿಲ್ಲುತ್ತವೆ. ಮಿರಾಂಡಾ, ಮೇರಿಯನ್, ಇರ್ಮಾ, ಈಡಿತ್ ನಾಲ್ವರು ಬಂಡೆ ಹತ್ತುತ್ತಾರೆ. ಈಡಿತ್ ಕಿರುಚಿಕೊಂಡು ಓಡಿಬರ್ತಾಳೆ. ಮಿಕ್ಕ ಮೂವರೂ, ಜೊತೆಗೆ ಗಣಿತದ ಟೀಚರೂ ಕಾಣೆ. ಒಂದು ವಾರದ ಮೇಲೆ ಇರ್ಮಾ ಒಬ್ಬಳು ಸಿಗ್ತಾಳೆ. ಬರಿಗಾಲಿನಲ್ಲಿದ್ದಾಳೆ, ಪಾದದಲ್ಲಿ ಒಂದು ತರಚು ಗಾಯ ಇಲ್ಲ. ಏನಾಯ್ತು ಅನ್ನೋದು ನೆನಪಿಲ್ಲ.

ಇದು ನಿಜವಾಗಿ ನಡೆದದ್ದಾ ಅಂತ ಜನ ಇವತ್ತಿಗೂ ಕೇಳ್ತಾರೆ. ಲೇಖಕಿ ಬೇಕೂಂತಲೇ ಹೌದು ಅಂತಲೂ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. ಆದರೆ ನಾವು ಪ್ರೋಗ್ರಾಮರ್‌ಗಳು, ದಿನಾಂಕ ಕಂಡರೆ ಪರೀಕ್ಷೆ ಮಾಡದೆ ಬಿಡೋರಲ್ಲ. ಕಾದಂಬರಿಯಲ್ಲಿ ಆ ದಿನ ಶನಿವಾರ. ನಿಜದ ಕ್ಯಾಲೆಂಡರಿನಲ್ಲಿ 1900ರ ಫೆಬ್ರವರಿ 14 ಬುಧವಾರ. ಕಥೆ ಕಟ್ಟಿದ್ದು ಅನ್ನೋಕೆ ಅದೊಂದೇ ಸಾಕ್ಷಿ ಅಲ್ಲ, ಆದರೆ ನನಗೆ ಖುಷಿ ಕೊಟ್ಟ ಸಾಕ್ಷಿ ಅದು.

ನಿಜವಾಗಿ ಕಾಣೆಯಾದವರು ಬೇರೆಯೇ ಇದ್ದಾರೆ. ಜಾ ಜಾ ವುರುಂಗ್, ವೋಯ್ ವುರುಂಗ್, ಟೌಂಗುರುಂಗ್ ಈ ಮೂರು ಮೂಲನಿವಾಸಿ ಜನಗಳ ನೆಲ ಕೂಡೋ ಜಾಗ ಅದು. ಸಾವಿರಾರು ವರ್ಷ ಅವರ ಸಭೆ, ಆಚರಣೆಗಳು ಅಲ್ಲಿ ನಡೀತಿದ್ದವು. ಬಿಳಿಯರು ಕುರಿ ತಂದರು, ರೋಗ ತಂದರು. 19ನೇ ಶತಮಾನದ ಮಧ್ಯದ ಹೊತ್ತಿಗೆ ಅವರನ್ನೆಲ್ಲ ಎಬ್ಬಿಸಿ ಆಗಿತ್ತು. 1863ರಲ್ಲಿ ಶುರುವಾದ ಕೊರಾಂಡರ್ಕ್ ವಸಾಹತಿಗೆ ಅನೇಕರನ್ನ ಸೇರಿಸಿದರು. ಇಲ್ಲದ ಮಿರಾಂಡಾಗೆ ಅಳೋ ಜನ, ಇದ್ದು ಹೋದವರನ್ನ ಮರೆತರಲ್ಲ ಅಂತ ಕಾದಂಬರಿಗೆ ಐವತ್ತು ತುಂಬಿದ 2017ರಲ್ಲಿ ಕಲಾವಿದೆ ಏಮಿ ಸ್ಪಿಯರ್ಸ್ 'ಮಿರಾಂಡಾ ಮಸ್ಟ್ ಗೋ' ಅಂತ ಒಂದು ಅಭಿಯಾನವನ್ನೇ ಮಾಡಿದರು. ಬಂಡೆಗಳ ಮಧ್ಯೆ ಕೂತು ಚಕ್ಕುಲಿ ತಿನ್ನುವಾಗ ಈ ಮಾತು ಸ್ವಲ್ಪ ಚುಚ್ಚಿತು. ನಾವೂ ಈಗ ಅದೇ ನೆಲದಲ್ಲಿ ಮನೆ ಹುಡುಕ್ತಾ ಇರೋರು ತಾನೆ.

ಇರಲಿ, ನಮ್ಮ ವಿಷಯಕ್ಕೆ ಬರ್ತೀನಿ. ಎಲ್ಲರೂ ಮಿರಾಂಡಾ ಬಗ್ಗೆ ಮಾತಾಡ್ತಾರೆ. ಆದರೆ ಆ ಕಥೆಯ ಕರುಳು ಸಾರಾ ಅನ್ನೋ ಹುಡುಗಿ. ಅನಾಥೆ. ಪದ್ಯ ಬಾಯಿಪಾಠ ಮಾಡಲಿಲ್ಲ ಅಂತ ಅವಳನ್ನ ಪಿಕ್ನಿಕ್ಕಿಗೆ ಕಳಿಸಲ್ಲ. ಅವಳಿಗೆ ಮಿರಾಂಡಾ ಅಂದರೆ ಪ್ರಾಣ. ಇದು ಬರೀ ಗೆಳೆತನ ಅಲ್ಲ ಅಂತ ಓದಿದೋರಿಗೆ ಗೊತ್ತಾಗತ್ತೆ, ಆದರೆ ಲೇಖಕಿ ಅದಕ್ಕೊಂದು ಹೆಸರು ಇಡಲ್ಲ. ಮಿರಾಂಡಾ ವಾಪಸ್ ಬರಲ್ಲ. ಶಾಲೆಯ ಫೀಸು ಬಂದಿಲ್ಲ ಅಂತ ಹೆಡ್‌ಮಿಸ್ಟ್ರೆಸ್ ಅವಳನ್ನ ಅನಾಥಾಶ್ರಮಕ್ಕೆ ವಾಪಸ್ ಕಳಿಸ್ತೀನಿ ಅಂತಾಳೆ. ಕೊನೆಗೆ ಸಾರಾಳ ಹೆಣ ಶಾಲೆಯ ಗೋಪುರದ ಕೆಳಗಿನ ಹೂಗಿಡಗಳಲ್ಲಿ ಸಿಗತ್ತೆ. ಪ್ರೀತಿಸಿದವಳು ಸತ್ತಳು, ಪ್ರೀತಿಸಲ್ಪಟ್ಟವಳು ಮಾಯವಾದಳು.

ಸಿಡ್ನಿಯಲ್ಲಿ ಹುಟ್ಟಿದ ಪೀಟರ್ ವಿಯರ್ 1975ರಲ್ಲಿ ಇದನ್ನ ಸಿನಿಮಾ ಮಾಡಿದ. ಕ್ಯಾಮೆರಾದ ರಸೆಲ್ ಬಾಯ್ಡ್ ಲೆನ್ಸಿನ ಮುಂದೆ ಮದುಮಗಳ ಮುಸುಕಿನ ಬಟ್ಟೆ ಕಟ್ಟಿ ಆ ಕನಸಿನ ಬೆಳಕು ತಂದಿದ್ದು ಈಗ ದಂತಕಥೆ. 2018ರ ಟಿವಿ ಸರಣಿ ಕಾದಂಬರಿ ಪಿಸುಗುಟ್ಟಿದ್ದನ್ನ ಬಾಯಿಬಿಟ್ಟೇ ಹೇಳಿತು. 2025ರಲ್ಲಿ ಸಿಡ್ನಿ ಥಿಯೇಟರ್ ಕಂಪನಿ ಇದನ್ನ ಆಪೆರಾ ಹೌಸಿನಲ್ಲಿ ನಾಟಕವಾಗಿ ಆಡಿತು. ಅಂತೂ ಅರವತ್ತು ವರ್ಷ ಆಗ್ತಾ ಬಂದರೂ ಈ ಹುಡುಗಿಯರು ಈ ದೇಶವನ್ನ ಬಿಟ್ಟಿಲ್ಲ.

ಅಂದ ಹಾಗೆ, ಕಾದಂಬರಿಗೆ ಇನ್ನೊಂದು ಅಧ್ಯಾಯ ಇತ್ತು! ಪ್ರಕಾಶಕರ ಕಡೆಯ ಸಂಪಾದಕಿಯ ಸಲಹೆ ಮೇಲೆ ಅದನ್ನ ತೆಗೆದಿದ್ದರು. ಲೇಖಕಿ 1984ರಲ್ಲಿ ತೀರಿಕೊಂಡ ಮೇಲೆ, 1987ರಲ್ಲಿ ಅದು ಬೇರೆ ಪುಸ್ತಕವಾಗಿ ಬಂತು. ಅದರಲ್ಲಿ ಹುಡುಗಿಯರು ಉಸಿರು ಕಟ್ಟಿಸೋ ಕಾರ್ಸೆಟ್ ಬಿಚ್ಚಿ ಬಂಡೆಯಿಂದ ಎಸೀತಾರೆ. ಅವು ಕೆಳಗೆ ಬೀಳಲ್ಲ, ಗಾಳಿಯಲ್ಲೇ ನಿಂತುಬಿಡ್ತವೆ. ಆಮೇಲೆ ಜಾಗದಲ್ಲೇ ಒಂದು ತೂತು ಕಾಣತ್ತೆ, ಒಬ್ಬೊಬ್ಬರಾಗಿ ಅದರೊಳಗೆ ಹೋಗ್ತಾರೆ. ಇರ್ಮಾ ಹೋಗೋ ಹೊತ್ತಿಗೆ ಬಂಡೆ ಉರುಳಿ ದಾರಿ ಮುಚ್ಚತ್ತೆ.

ಇದನ್ನ ಓದಿದಾಗ ನನಗೆ ಥಟ್ಟನೆ ಹೊಳೆದಿದ್ದು ಸೊಸೆಯ ಪುಸ್ತಕದ ಬಾಗಿಲು. ಒಂದು ಸೀಳು, ಅದರಾಚೆ ಇನ್ನೊಂದು ಲೋಕ. ಇಬ್ಬರು ಬರಹಗಾರರಿಗೂ ಸಂಬಂಧ ಇದೆ ಅಂತ ನಾನು ಹೇಳ್ತಾ ಇಲ್ಲ. ಆದರೆ ಹುಡುಗಿಯರ ಪ್ರೀತಿಯ ಕಥೆ ಬರೆದಾಗಲೆಲ್ಲ ಈ ಲೋಕದ ಗೋಡೆಯಲ್ಲಿ ತೂತು ಯಾಕೆ ಬೇಕಾಗತ್ತೆ?

ಇನ್ನೂ ಹಿಂದೆ ಹೋಗೋಣ. ಡ್ರಾಕುಲಾ ಎಲ್ಲರಿಗೂ ಗೊತ್ತು, 1897. ಅದಕ್ಕೂ ಕಾಲು ಶತಮಾನ ಮುಂಚೆ, 1871-72ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫಾನು 'ಕಾರ್ಮಿಲ್ಲಾ' ಅಂತ ಒಂದು ಕಥೆಯನ್ನ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬರೆದಿದ್ದ. ಲಾರಾ ಅನ್ನೋ ಹುಡುಗಿಯ ಮನೆಗೆ ಕಾರ್ಮಿಲ್ಲಾ ಅನ್ನೋ ಚೆಲುವೆ ಅತಿಥಿಯಾಗಿ ಬರ್ತಾಳೆ. ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಸೆಳೆತ. ಕಾರ್ಮಿಲ್ಲಾ ರಕ್ತ ಕುಡಿಯೋ ಪಿಶಾಚಿ. ಕೊನೆಗೆ ಗಂಡಸರೆಲ್ಲ ಸೇರಿ ಗೋರಿ ಅಗೆದು ಅವಳ ಎದೆಗೆ ಗೂಟ ಹೊಡೆದು ತಲೆ ಕಡೀತಾರೆ. ಆ ಕಾಲದಲ್ಲಿ ಹೆಣ್ಣು ಹೆಣ್ಣನ್ನ ಪ್ರೀತಿಸೋದನ್ನ ನೇರ ಬರೆಯೋಕೆ ಆಗ್ತಿರಲಿಲ್ಲ. ದೆವ್ವ ಅಂದುಬಿಟ್ಟರೆ ಬರೀಬಹುದಿತ್ತು. ದೆವ್ವಕ್ಕೆ ಹೆಂಗೂ ಕೊನೇಲಿ ಶಿಕ್ಷೆ ಆಗತ್ತಲ್ಲ, ಓದುಗರಿಗೂ ಸಮಾಧಾನ.

ಜಪಾನಿನಲ್ಲಿ ಬೇರೆ ದಾರಿ ಹಿಡಿದವಳು ಒಬ್ಬಳಿದ್ದಳು: ಯೋಶಿಯಾ ನೊಬುಕೊ. ಅವಳೂ ಹುಟ್ಟಿದ್ದು 1896ರಲ್ಲೇ, ಜೋನ್ ಲಿಂಡ್ಸೆ ಹುಟ್ಟಿದ ವರ್ಷ. 1916ರಿಂದ ಹುಡುಗಿಯರ ಪತ್ರಿಕೆಯಲ್ಲಿ 'ಹೂಗಳ ಕಥೆ'ಗಳನ್ನ ಬರೆಯೋಕೆ ಶುರು ಮಾಡಿದಳು. ಒಂದೊಂದು ಕಥೆಗೆ ಒಂದೊಂದು ಹೂವಿನ ಹೆಸರು, ಹೆಚ್ಚಿನವು ಶಾಲೆ, ಹಾಸ್ಟೆಲ್ಲಿನ ಹುಡುಗಿಯರ ಒಲವಿನ ಕಥೆಗಳು. ಇಂಥ ಒಲವಿಗೆ ಆಗ 'ಎಸ್' ಅಂತ ಹೆಸರಿತ್ತು, ಸಿಸ್ಟರ್ ಅನ್ನೋದರ ಮೊದಲಕ್ಷರ. ಸಮಾಜವೂ ಅದನ್ನ ನೋಡೀ ನೋಡದ ಹಾಗೆ ಇತ್ತು. ಶಾಲೆ ಮುಗಿದು ಮದುವೆ ಆದರೆ ತಾನಾಗೇ ಹೋಗತ್ತೆ ಬಿಡಿ ಅನ್ನೋ ಧೈರ್ಯ. ಹಾಗಾಗಿ ಆ ಕಥೆಗಳಲ್ಲೂ ಕಣ್ಣೀರೇ ಜಾಸ್ತಿ.

ಆದರೆ ಯೋಶಿಯಾ ತನ್ನ ಬದುಕಿನಲ್ಲಿ ಹಾಗೆ ಮಾಡಲಿಲ್ಲ. 1923ರಲ್ಲಿ ಮೊನ್ಮಾ ಚಿಯೋ ಅನ್ನೋ ಟೀಚರಿನ ಪರಿಚಯವಾಯ್ತು. ಅಲ್ಲಿಂದ 1973ರಲ್ಲಿ ಯೋಶಿಯಾ ಸಾಯೋವರೆಗೆ, ಸುಮಾರು ಐವತ್ತು ವರ್ಷ, ಅವರದ್ದು ಒಂದೇ ಬಾಳು. ಮದುವೆಗೆ ಕಾನೂನಿನಲ್ಲಿ ಜಾಗ ಇರಲಿಲ್ಲ. ಅದಕ್ಕೆ 1957ರಲ್ಲಿ ಯೋಶಿಯಾ ಏನು ಮಾಡಿದಳು ಗೊತ್ತಾ? ಚಿಯೋಳನ್ನ ದತ್ತು ಮಗಳಾಗಿ ತಗೊಂಡಳು! ನಾವು ಆಫೀಸಿನಲ್ಲಿ ಸಿಸ್ಟಮ್ ಬಿಡದ ಕೆಲಸಕ್ಕೆ ವರ್ಕ್‌ಅರೌಂಡ್ ಅಂತೀವಲ್ಲ, ಇದಕ್ಕಿಂತ ದೊಡ್ಡ ವರ್ಕ್‌ಅರೌಂಡ್ ನಾನು ಕಂಡಿಲ್ಲ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಇಂದಿನ ಲೈಟ್ ನಾವೆಲ್ಲುಗಳ ಬೇರು ಅಲ್ಲಿದೆ. 1970ರ ದಶಕದಲ್ಲಿ ಇಂಥ ಪ್ರೀತಿಗೆ 'ಯೂರಿ', ಅಂದರೆ ಲಿಲ್ಲಿ ಹೂವು, ಅನ್ನೋ ಹೆಸರು ಬಂತು. 1998ರಲ್ಲಿ ಓಯುಕಿ ಕೊನ್ನೊ ಬರೆದ 'ಮಾರಿಯಾಸಾಮಾ ಗಾ ಮಿತೆರು' ಸರಣಿ ಶುರುವಾಯ್ತು. ಕ್ಯಾಥೊಲಿಕ್ ಶಾಲೆ, ಹಿರಿಯ ಹುಡುಗಿ, ಕಿರಿಯ ಹುಡುಗಿ. ಯೋಶಿಯಾಳ ಹಾಸ್ಟೆಲ್ ಲೋಕವೇ ಹೊಸ ಬಟ್ಟೆ ಹಾಕಿಕೊಂಡು ಬಂದ ಹಾಗೆ. ಅದಾಗಿ ಇಪ್ಪತ್ತು ವರ್ಷದೊಳಗೆ 'ಅದರ್‌ಸೈಡ್ ಪಿಕ್ನಿಕ್'. ಇಲ್ಲಿ ಶಾಲೆಯ ಗೇಟು ಇಲ್ಲ, ಕಾಯೋ ಹೆಡ್‌ಮಿಸ್ಟ್ರೆಸ್ ಇಲ್ಲ. ಮುಖ್ಯವಾಗಿ, ದೆವ್ವ ಬೇರೆ, ಪ್ರೀತಿಸೋ ಹುಡುಗಿ ಬೇರೆ. ಕಾರ್ಮಿಲ್ಲಾದಲ್ಲಿ ಅವೆರಡೂ ಒಂದೇ ಆಗಿತ್ತು. ಇಲ್ಲಿ ದೆವ್ವ ಎದುರಿಗೆ ನಿಂತಿದೆ, ಇಬ್ಬರೂ ಕೈ ಹಿಡಿದುಕೊಂಡು ಅದನ್ನ ಎದುರಿಸ್ತಾರೆ. ನೂರೈವತ್ತು ವರ್ಷದಲ್ಲಿ ಆದ ಬದಲಾವಣೆ ಏನು ಅಂತ ಒಂದೇ ಸಾಲಿನಲ್ಲಿ ಹೇಳು ಅಂದರೆ ನಾನು ಇಷ್ಟೇ ಹೇಳೋದು.

ಹಾಗಂತ ಇದೆಲ್ಲ ಹೊರಗಿನೋರದ್ದು, ನಮ್ಮದಲ್ಲ ಅಂತಾನೂ ಅನ್ನೋ ಹಾಗಿಲ್ಲ. ಊರ ಮಾತಿನಿಂದ ದೆವ್ವ ಹುಟ್ಟಿಸೋದರಲ್ಲಿ ನಾವೇನು ಕಮ್ಮಿ? 90ರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ 'ನಾಳೆ ಬಾ' ಅಂತ ಬರೀತಿದ್ದ ಕಥೆ ನಮ್ಮಮ್ಮ ಹೇಳ್ತಿದ್ದರು. ರಾತ್ರಿ ಮನೆಯವರದ್ದೇ ದನಿಯಲ್ಲಿ ಕರೆಯೋ ದೆವ್ವ ಅದನ್ನ ಓದಿ ನಾಳೆ ಬರೋಣ ಅಂತ ಹೋಗತ್ತೆ. ಮಾರನೇ ದಿನವೂ ಅದೇ 'ನಾಳೆ'. ಇನ್ಫಿನಿಟ್ ಲೂಪಿಗೆ ಇದಕ್ಕಿಂತ ಚೆಂದದ ಉದಾಹರಣೆ ಯಾವ ಟೆಕ್ಸ್ಟ್ ಬುಕ್ಕಿನಲ್ಲೂ ಇಲ್ಲ.

ದೆವ್ವ, ಹುಡುಗಿಯರ ಪ್ರೀತಿ ಎರಡೂ ಇರೋ ಕಥೆಯನ್ನ ನಮ್ಮ ದೇಶದಲ್ಲೇ ವಿಜಯದಾನ್ ದೇಥಾ ರಾಜಸ್ಥಾನಿಯಲ್ಲಿ ಬರೆದಿದಾರೆ, 'ದೋಹರಿ ಜೂಣ್'. ಇಬ್ಬರು ಸಾಹುಕಾರರು ಹುಟ್ಟೋಕೆ ಮುಂಚೆಯೇ ಮಕ್ಕಳ ಮದುವೆ ನಿಶ್ಚಯ ಮಾಡ್ತಾರೆ. ಇಬ್ಬರಿಗೂ ಹೆಣ್ಣು. ವರದಕ್ಷಿಣೆ ಆಸೆಗೆ ಒಬ್ಬ ತನ್ನ ಮಗಳನ್ನ ಗಂಡು ಅಂತ ಬೆಳೆಸಿ ಮದುವೆ ಮಾಡ್ತಾನೆ. ಮೊದಲ ರಾತ್ರಿ ಗುಟ್ಟು ಗೊತ್ತಾದರೂ ಹುಡುಗಿಯರಿಗೆ ಒಬ್ಬರನ್ನೊಬ್ಬರು ಬಿಡೋಕೆ ಮನಸ್ಸಿಲ್ಲ. ಊರು ಅಟ್ಟಿಸಿಬಿಡತ್ತೆ. ಆಗ ಅವರಿಗೆ ಆಶ್ರಯ ಕೊಡೋರು ಯಾರು? ದೆವ್ವಗಳು! ದೆವ್ವಗಳ ಯಜಮಾನ ಒಬ್ಬಳನ್ನ ನಿಜವಾಗಿ ಗಂಡಸು ಮಾಡ್ತಾನೆ. ಆದರೆ ಗಂಡಸಾದ ಕೂಡಲೇ ಅವಳಿಗೆ ದರ್ಪ ಬರತ್ತೆ. ಸಾಕಪ್ಪಾ ಅಂತ ಮತ್ತೆ ಹೆಣ್ಣಾಗ್ತಾಳೆ, ಇಬ್ಬರೂ ಹಾಗೇ ಬಾಳ್ತಾರೆ. ಮನುಷ್ಯರು ಓಡಿಸಿದರು, ದೆವ್ವಗಳು ಮನೆ ಕೊಟ್ಟವು.

ಹೊರಡೋ ಹಿಂದಿನ ರಾತ್ರಿ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಅವರೆಕಾಳು ಹಿತುಕ್ತಾ ಕೇಳ್ತಿದ್ದಳು. ಫ್ರೋಜನ್ ಅಲ್ಲ, ಅವಳೇ ಹಿತ್ತಲಲ್ಲಿ ಬೆಳೆದಿದ್ದು. ಯೋಶಿಯಾ ದತ್ತು ತಗೊಂಡ ವಿಷಯ ಬಂದಾಗ ಅವಳ ಕೈ ನಿಂತಿತು.

"ನಮ್ಮ ಹಾಸ್ಟೆಲ್ಲಲ್ಲೂ ಇಬ್ಬರು ಇದ್ರು ಕಣೋ" ಅಂದಳು. "ಒಂದೇ ತಟ್ಟೇಲಿ ಊಟ ಮಾಡ್ತಿದ್ರು. ನಾವೆಲ್ಲ ನಗ್ತಿದ್ವಿ. ಯಾರೋ ಮನೆಗೆ ಕಾಗದ ಬರೆದರು. ಒಂದೇ ವಾರದಲ್ಲಿ ಬಂದು ಒಬ್ಬಳನ್ನ ಕರಕೊಂಡು ಹೋಗಿ ಮದುವೆ ಮಾಡಿದ್ರು. ಇನ್ನೊಬ್ಬಳು ಪರೀಕ್ಷೆಗೂ ಕೂರಲಿಲ್ಲ. ಎಲ್ಲಿಗೆ ಹೋದಳೋ ಯಾರೂ ವಿಚಾರಿಸಲಿಲ್ಲ. ನಾನೂ ವಿಚಾರಿಸಲಿಲ್ಲ."

ಸಾರಾ ನೆನಪಾದಳು. ಬಾಯಿಬಿಟ್ಟು ಹೇಳಲಿಲ್ಲ.

ಅಕ್ಕನಿಗೆ ಕಾನೂನೆಲ್ಲ ಗೊತ್ತು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಅಂಚೆ ಮೂಲಕ ಜನರನ್ನ ಕೇಳಿದಾಗ ಶೇಕಡಾ 61.6 ಮಂದಿ ಹೂಂ ಅಂದಿದ್ದು, ಅದೇ ವರ್ಷ ಡಿಸೆಂಬರಿನಲ್ಲಿ ಮದುವೆ ಕಾನೂನು ಬದಲಾಗಿದ್ದು, ನಮ್ಮಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಕುತ್ತಿಗೆ ಮುರಿದಿದ್ದು, 2023ರಲ್ಲಿ ಅದೇ ಕೋರ್ಟು ಮದುವೆಯ ಹಕ್ಕು ಮಾತ್ರ ಕೊಡಲ್ಲ ಅಂದಿದ್ದು, ಎಲ್ಲ ಪೇಪರಿನಲ್ಲಿ ಓದಿದಾಳೆ. ಪೇಪರಿನಲ್ಲಿ ಓದೋದು ಬೇರೆ, ಮಗಳ ದಿಂಬಿನ ಕೆಳಗೆ ಪುಸ್ತಕ ಸಿಗೋದು ಬೇರೆ. ಪುಸ್ತಕ ಓದಿದ ಮಾತ್ರಕ್ಕೆ ಏನೂ ಅಂತ ಅರ್ಥ ಅಲ್ಲ ಅಂತ ನಾನು ಹೇಳೋಕೆ ಹೊರಟೆ. ಆಮೇಲೆ, ಅರ್ಥ ಇದ್ದರೆ ಏನಾಯ್ತು ಅಂತಾನೂ ಅನ್ನಿಸಿ ಸುಮ್ಮನಾದೆ. ಅದನ್ನ ಹೇಳಬೇಕಾದವಳು ಪಕ್ಕದ ಕೋಣೆಯಲ್ಲಿದ್ದಾಳೆ. ಹೇಳಬೇಕು ಅನ್ನಿಸಿದಾಗ ಹೇಳ್ತಾಳೆ.

"ಇದರಲ್ಲಿ ಕೊನೇಲಿ ಇಬ್ಬರಿಗೂ ಏನೂ ಆಗಲ್ಲ ತಾನೆ?" ಅಕ್ಕ ಕೇಳಿದಳು.

"ನಾನು ಓದಿದ ಮಟ್ಟಿಗೆ ಇಬ್ಬರೂ ಚೆನ್ನಾಗಿದಾರೆ ಅಕ್ಕ. ಪ್ರತಿ ಸಲ ಮನೆಗೆ ಬರ್ತಾರೆ, ಊಟ ಮಾಡ್ತಾರೆ" ಅಂದೆ.

ಅಕ್ಕ ಕೈ ತೊಳೆದು, ಪುಸ್ತಕ ತಗೊಂಡು ಹೋಗಿ ಮಗಳ ಮೇಜಿನ ಮೇಲೆ ಇಟ್ಟು ಬಂದಳು. ದಿಂಬಿನ ಕೆಳಗಲ್ಲ, ಮೇಜಿನ ಮೇಲೆ, ಎಲ್ಲರಿಗೂ ಕಾಣೋ ಹಾಗೆ.

ಸಿಡ್ನಿಗೆ ವಾಪಸ್ ಬಂದು ಒಂದು ವಾರ ಆದಮೇಲೆ ಟೌನ್ ಹಾಲ್ ಸ್ಟೇಷನ್ ಹತ್ತಿರದ ಕಿನೊಕುನಿಯಾ ಪುಸ್ತಕದಂಗಡಿಗೆ ಹೋಗಿದ್ದೆ. ಲೈಟ್ ನಾವೆಲ್ ಕಪಾಟಿನ ಮುಂದೆ ಶಾಲೆ ಯೂನಿಫಾರ್ಮಿನ ನಾಲ್ಕೈದು ಹುಡುಗೀರು ಚಕ್ಕಳಮಕ್ಕಳ ಹಾಕಿ ಕೂತು ಓದ್ತಾ ಇದ್ರು. ಅವರನ್ನ ದಾಟಿಕೊಂಡು ಕೈ ಚಾಚೋಕೆ ನನಗೇ ಸಂಕೋಚ ಆಯ್ತು. ಅಂತೂ ಎರಡನೇ ಭಾಗ ತಗೊಂಡೆ. ಮೆಲ್ಬರ್ನಿಗೆ ಪೋಸ್ಟ್ ಮಾಡಬೇಕು. ಮೊದಲು ನಾನು ಓದಿ ಮುಗಿಸಿ ಆಮೇಲೆ :)

ನಿಮ್ಮ ಊರಿನ ಅಜ್ಜಿಯರ ಹತ್ತಿರ ದೆವ್ವಗಳೇ ಹುಡುಗಿಯರಿಗೆ ಮನೆ ಕೊಟ್ಟ ಕಥೆ ಇದ್ದರೆ ನನಗೂ ಹೇಳಿ. ಇಂಥವು ಅಡುಗೆ ಮನೆಯಲ್ಲಿ ಹುಟ್ಟಿ ಅಲ್ಲೇ ಕಾಣೆಯಾಗಿಬಿಡ್ತವೆ.